ಮೂರು ಗುಲಗಂಜಿ ತೂಕದ ಮೇಣ

ನಮ್ಮಪ್ಪನ ತಕ್ಕಡಿಗೂ ಗಾಳಿಗೂ ಆಗುತ್ತಿರಲಿಲ್ಲ. ಒಡವೆ ತೂಗಲು ಕೂತರೆ ಬಾಯಿಂದ ಬರುವ ಮೊದಲ ಮಾತೇ, "ಮಾಲಕ್ಷ್ಮೀ, ಕಿಟಕಿ ಮುಚ್ಚಮ್ಮ, ಗಾಳಿ." ನಾನು ಓದುತ್ತಿರಲಿ, ಜಡೆ ಹಾಕಿಕೊಳ್ಳುತ್ತಿರಲಿ, ಎದ್ದು ಹೋಗಿ ಮುಚ್ಚಬೇಕು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. "ಕೈಗೆ ಎಟುಕೋ ಕಿಟಕಿ, ನೀನೇ ಮುಚ್ಕೊಂಡ್ರೆ ಏನಪ್ಪಾ ಗಂಟು ಹೋಗುತ್ತೆ?" ಎಂದು ಒಂದು ದಿನ ರೇಗಿದೆ. ಅಪ್ಪನಿಗೆ ಸಿಟ್ಟೇ ಬರುತ್ತಿರಲಿಲ್ಲ, ಅದು ಇನ್ನೊಂದು ಕಾಟ. "ತೂಗೋವಾಗ ನನ್ನ ಎರಡು ಕೈನೂ ಗಿರಾಕಿ ಕಣ್ಣೆದುರಿಗೇ ಇರ್ಬೇಕು ಕಣೇ. ಕಿಟಕಿ ಕಡೆ ಕೈ ಚಾಚಿದ್ರೆ, ಪಾಪ, ಅವರು ತಕ್ಕಡಿ ನೋಡ್ತಾರಾ, ಕೈ ನೋಡ್ತಾರಾ?" ಎಂದ.

ಅಪ್ಪನ ಹೆಸರು ಅಂಜನಮೂರ್ತಿ. ಹುಟ್ಟಿದ್ದು ಗುಬ್ಬಿಯಲ್ಲಿ, ಅಲ್ಲೇ ಸೋದರಮಾವನ ಹತ್ತಿರ ಅಕ್ಕಸಾಲಿ ಕೆಲಸ ಕಲಿತು, ಮದುವೆಯಾದ ಮೇಲೆ ಕುಣಿಗಲ್ಲಿಗೆ ಬಂದು ನೆಲೆಸಿದ. ಊರಿಗೆಲ್ಲ ಆಚಾರ್ರು. ಬೋರ್ಡಿಲ್ಲ, ಗಾಜಿನ ಬೀರು ಇಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಆ ಕೋಣೆಯಿಂದ ಹೊರಗೆ ಬರುವಾಗ ನಾವು ಸೀರೆ, ಲಂಗ ಒದರಿಯೇ ಬರಬೇಕು. ಸಂಜೆ ಅಪ್ಪ ಸಣ್ಣ ಬ್ರಷ್ಷಿನಿಂದ ನೆಲ ಗುಡಿಸಿ, ಇದ್ದಿಲ ಪುಡಿ, ಕೂದಲು, ಮಣ್ಣು, ಎಲ್ಲವನ್ನೂ ಒಂದು ಹಳೇ ಬಿಸ್ಕತ್ತಿನ ಡಬ್ಬಕ್ಕೆ ತುಂಬುತ್ತಿದ್ದ. ಆ ಕಸದಲ್ಲಿ ಚಿನ್ನದ ಪುಡಿ ಇರುತ್ತದೆ. ವರ್ಷಕ್ಕೊಂದು ಸಲ, ಕೆಲಸ ಕಮ್ಮಿಯಿರುವ ಆಷಾಢದಲ್ಲಿ, ಗುಬ್ಬಿಯಿಂದ ಬೀರಯ್ಯ ಬಂದು ಡಬ್ಬ ಒಯ್ಯುತ್ತಿದ್ದ. ಕಸವನ್ನು ಸುಟ್ಟು, ಬೂದಿ ತೊಳೆದು, ಅದರಲ್ಲಿದ್ದ ಚೂರುಪಾರು ಚಿನ್ನ ತೆಗೆಯುವುದು ಅವನ ಕಸುಬು. ಅಕ್ಕಸಾಲಿ ಮನೆಯಲ್ಲಿ ಕಸವನ್ನು ಬೀದಿಗೆ ಎಸೆಯುವುದಿಲ್ಲ.

ಎಪ್ಪತ್ತೊಂಬತ್ತನೇ ಇಸವಿಯ ಆಷಾಢ. ನಾನು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬಿ.ಎ. ಎರಡನೇ ವರ್ಷ ಓದುತ್ತಿದ್ದೆ; ಆ ವಾರ ಊರಿಗೆ ಬಂದಿದ್ದೆ. ಕೊತ್ತಗೆರೆಯಿಂದ ರಂಗಲಕ್ಷ್ಮಮ್ಮ ಅನ್ನುವವರು ಸೊಸೆಯನ್ನು ಕರೆದುಕೊಂಡು ಬಂದರು. ತೆಂಗಿನ ತೋಟ, ರಾಗಿ ಹೊಲ ಇದ್ದ ದೊಡ್ಡ ಕುಳ. ಅವರ ಮನೆಯ ಮೂರು ಮದುವೆಗೂ ಅಪ್ಪನೇ ಒಡವೆ ಮಾಡಿದ್ದ. ಸೊಸೆ ಲಕ್ಷ್ಮೀದೇವಮ್ಮನಿಗೆ ಏಳು ತಿಂಗಳು. ನನಗಿಂತ ಒಂದು ವರ್ಷಕ್ಕೆ ದೊಡ್ಡವಳೇನೋ, ಅಷ್ಟೆ.

ರಂಗಲಕ್ಷ್ಮಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಕಾಸು ತೆಗೆದಿಟ್ಟರು. "ನಮ್ಮ ಗಿರಿಯಮ್ಮ. ಕೊಕ್ಕೆ ಸವೆದು ಕಿತ್ಕೊಂಡದೆ ಆಚಾರ್ರೇ. ಶ್ರಾವಣದಲ್ಲಿ ಇವ್ಳು ತವರಿಗೆ ಹೆರಿಗೆಗೆ ಹೋಯ್ತಾಳೆ. ಅಷ್ಟರೊಳ್ಗೆ ಕತ್ತಿಗೆ ಕಟ್ಬೇಕು."

ಗಿರಿಯಮ್ಮ ಎಂದರೆ ಅವರ ವಂಶದ ಮೊದಲ ಅಜ್ಜಿಯಂತೆ. ಆ ಮನೆಯಲ್ಲಿ ಯಾರೇ ಹೆರಲಿ, ಈ ಅಜ್ಜಿ ಕತ್ತಿನಲ್ಲಿ ಇರಲೇಬೇಕು. ಅಜ್ಜಿ ಜೊತೆಗಿದ್ದು ತಾಯಿ ಮಗುವನ್ನು ಬೇರೆ ಬೇರೆ ಮಾಡಿ ಕೊಡುತ್ತಾಳೆ ಎಂಬ ನಂಬಿಕೆ. ಗೌರಿಹಬ್ಬದ ದಿನ ಮನೆಯ ಸೊಸೆ ಕಾಸಿಗೆ ಚೂರು ಜೇನುಮೇಣ ಹಚ್ಚಿ, ಅದರ ಮೇಲೆ ಅರಿಶಿನ ಕುಂಕುಮ ಇಡಬೇಕು. ಅತ್ತೆ, ಅವರತ್ತೆ, ಅವರತ್ತೆಯ ಅತ್ತೆ, ಎಲ್ಲರೂ ಹಚ್ಚಿ ಹಚ್ಚಿ ಮೇಣ ಗಟ್ಟಿಯಾಗಿ, ಕಾಸಿನ ಮೇಲೆ ನಿಜಕ್ಕೂ ಒಂದು ಅಜ್ಜಿಯ ಮುಖ ಮೂಡಿತ್ತು. ಹಣೆಯಲ್ಲಿ ಕುಂಕುಮ, ಮೂಗಿನ ಮೇಲೆ ಮೂಗುತಿಯ ಹಾಗೆ ಮೇಣದ ಹನಿ, ಹಿಂದೆ ತುರುಬು. ನಾನೂ ಕೈಮುಗಿದೆ.

ಅಪ್ಪ ಕಿಟಕಿ ಮುಚ್ಚಿಸಿ ಅವರೆದುರೇ ತೂಗಿದ. ಎಂಟು ಗ್ರಾಮಿನ ಮೇಲೆ ಒಂದು ಚೂರು. ಮುರಿದ ಕೊಕ್ಕೆಯ ತೂಕ ಬೇರೆ. ಎರಡನ್ನೂ ಚೀಟಿಯಲ್ಲಿ ಬರೆದು ಕೊಟ್ಟ.

ಮಾರನೇ ದಿನ ಕೆಲಸಕ್ಕೆ ಕೂತ. ಬೆಸುಗೆ ಹಾಕಬೇಕಾದರೆ ಕಾಸನ್ನು ಬೆಂಕಿಗೆ ಹಿಡಿಯಬೇಕು, ಮೇಣವಿದ್ದರೆ ಹೊತ್ತಿಕೊಳ್ಳುತ್ತದೆ. ಸ್ವಲ್ಪ ಬಿಸಿ ಮಾಡಿ, ಸೂಜಿ ಹಾಕಿ ಎಬ್ಬಿಸಿದ. ಮೇಣ ಕೊಬ್ಬರಿ ಚೂರಿನ ಹಾಗೆ ಒಂದೇ ಪದರವಾಗಿ ಎದ್ದು ಬಂತು. ಅದನ್ನು ಅವತ್ತಿನ ಕ್ಯಾಲೆಂಡರ್ ಹಾಳೆಯಲ್ಲಿ ಮಡಿಸಿ ಕಸದ ಡಬ್ಬಕ್ಕೆ ಹಾಕಿದ. ಕಾಸನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದ. ಆಮೇಲೆ, "ಮಾಲಕ್ಷ್ಮೀ, ಬಾ ಇಲ್ಲಿ" ಎಂದು ಕೂಗಿದ.

ಅಜ್ಜಿ ಇರಲಿಲ್ಲ. ದಪ್ಪ ಕತ್ತಿನ, ಉದ್ದ ಮೂಗಿನ ಒಬ್ಬ ಗಂಡಸು ಬಲಕ್ಕೆ ತಿರುಗಿ ನೋಡುತ್ತಿದ್ದ. ತಲೆಯ ಸುತ್ತ ಎಲೆಗಳ ಹಾರ. ನಾವು ತುರುಬು ಅಂದುಕೊಂಡಿದ್ದು ಆ ಹಾರ ಬಿಗಿದ ದಾರದ ಗಂಟು. ಅಂಚಿಗೆ ಇಂಗ್ಲಿಷಿನಂಥ ಅಕ್ಷರ, ಓದಿದರೆ ಇಂಗ್ಲಿಷಲ್ಲ. ಅಪ್ಪ ಒರೆಗಲ್ಲಿಗೆ ಎಳೆದು ನೋಡಿ, "ಇಷ್ಟು ಚೊಕ್ಕ ಚಿನ್ನ ನಾನು ಕಂಡಿಲ್ಲ ಕಣೇ. ಯಾರಪ್ಪಾ ನೀನು?" ಎಂದು ಕಾಸನ್ನೇ ಕೇಳಿದ. ಚಿನ್ನದ ಜೊತೆ ಮಾತಾಡುವುದು ಅವನಿಗೆ ಅಭ್ಯಾಸ.

ಅದರ ಮಾರನೇ ಬೆಳಿಗ್ಗೆ ಬೀರಯ್ಯ ಬಂದು ಡಬ್ಬ ತೆಗೆದುಕೊಂಡು ಹೋದ. ಅವನು ಹೋಗಿ ಒಂದು ಗಂಟೆಯೂ ಆಗಿಲ್ಲ, ರಂಗಲಕ್ಷ್ಮಮ್ಮ ಸೊಸೆಯ ಜೊತೆ ಬಂದರು. ಕೊಕ್ಕೆ ಇನ್ನೂ ಹಾಕಿರಲಿಲ್ಲ. ಅಪ್ಪ ಹುಟ್ಟಿದ ಮಗುವನ್ನು ತೋರಿಸುವವನ ಖುಷಿಯಲ್ಲಿ ಕಾಸನ್ನು ಅಂಗೈಯಲ್ಲಿಟ್ಟು ಚಾಚಿದ.

ರಂಗಲಕ್ಷ್ಮಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಹೆಬ್ಬೆರಳಲ್ಲಿ ಸವರಿದರು. ಇನ್ನೊಂದು ಸಲ ಸವರಿದರು. "ಇದ್ಯಾರು?"

"ನಿಮ್ದೇ ಕಾಸು ತಾಯಿ. ಮೇಣ ತೆಗೆದೆ."

"ನಮ್ಮಜ್ಜಿ ಎಲ್ಲಿ ಆಚಾರ್ರೇ? ಇದ್ಯಾವನೋ ಗಂಡ್ಸು. ಅಜ್ಜಿ ಹಣೆ ನಂಗೆ ಗೊತ್ತಿಲ್ವಾ? ನಲವತ್ತು ವರ್ಷ ಕುಂಕುಮ ಇಟ್ಟಿವ್ನಿ!"

ಅಪ್ಪ ಕಿಟಕಿ ಮುಚ್ಚು ಎಂದು ನನಗೆ ಹೇಳಿ, ಅವರೆದುರು ಕಾಸನ್ನು ಮತ್ತೆ ತೂಗಿದ. ಯಾರೂ ತೂಗು ಎಂದಿರಲಿಲ್ಲ! ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಚೀಟಿಯಲ್ಲಿ ಬರೆದಿದ್ದಕ್ಕಿಂತ ಕಮ್ಮಿ ಬಂತು. ಕಾಸಿನ ತಟ್ಟೆಗೆ ಕೆಂಪು ಗುಲಗಂಜಿ ಕಾಳು ಒಂದೊಂದಾಗಿ ಹಾಕಿ ನೋಡಿದ. ಮೂರು ಕಾಳು ಹಿಡಿಯಿತು.

"ಮೂರು ಗುಲಗಂಜಿ ಕಮ್ಮಿ ಇದೆ. ಅದು ಮೇಣದ ತೂಕ" ಎಂದ.

"ಎಲ್ಲಿ, ಆ ಮೇಣ ತೋರ್ಸಿ."

ಡಬ್ಬ ಆಗಲೇ ಗುಬ್ಬಿ ಬಸ್ಸು ಹತ್ತಿತ್ತು.

ರಂಗಲಕ್ಷ್ಮಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ. ಅವರು ಕಾಸನ್ನು ಅಪ್ಪನ ಮುಂದೆ ಇಟ್ಟು, "ಇದು ನಮ್ಗೆ ಬ್ಯಾಡ. ನಮ್ಮಜ್ಜಿ ಸಿಕ್ಕಿದ್ರೆ ಹೇಳ್ಕಳ್ಸಿ. ನಿಮ್ಮನ್ನ ನಂಬಿದ್ವಲ್ಲ" ಎಂದು ಎದ್ದರು. ಲಕ್ಷ್ಮೀದೇವಮ್ಮ ಬಾಗಿಲಲ್ಲಿ ನಿಂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಅತ್ತೆ, ಈಗ ನಂಗೆ ಏನ್ ಕಟ್ತೀರಾ?" ಎಂದು ಕೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ.

ಅವತ್ತು ಅಪ್ಪ ಬೆಂಕಿ ಆರಿಸಿದವನು ಮತ್ತೆ ಹಚ್ಚಲಿಲ್ಲ. ಬಂದ ಗಿರಾಕಿಗಳಿಗೆ, "ಬೇರೆ ಕಡೆ ಕೊಡಿ" ಎಂದ. ಕುಣಿಗಲ್ಲಿನಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ಆಚಾರ್ರು ಕಾಸು ಬದಲಾಯಿಸಿದರಂತೆ ಎಂದು ಮೂರನೇ ದಿನಕ್ಕೆ ಸಂತೆಯಲ್ಲೂ ಮಾತಾಯಿತು. ಅಪ್ಪನ ಹತ್ತಿರ ಇದ್ದದ್ದೇ ಒಂದು ಹೆಸರು. ಅದೂ ಹೋದರೆ ಅವನ ಕೈಗೆ ಯಾರು ಒಂದು ಮೂಗುಬೊಟ್ಟು ಕೊಡುತ್ತಾರೆ? ಅಮ್ಮ ಅತ್ತಳು. ನಾನು ಕುದಿದೆ. "ಗುಬ್ಬಿಗೆ ಹೋಗಿ ಆ ಮೇಣ ತಗೊಂಡ್ ಬಾ ಅಪ್ಪಾ, ಮುಖಕ್ಕೆ ಹಿಡಿಯೋಣ!" ಎಂದೆ.

"ಮೂವತ್ತು ವರ್ಷದ ಕೆಲಸ ನಂಬದೋರು ಕಸ ನಂಬ್ತಾರೇನೇ?" ಎಂದು ಗೋಡೆಯ ಕಡೆ ತಿರುಗಿ ಕೂತ.

ಸರಿ, ಕಸ ಬೇಡ, ವಿದ್ಯೆ ಇದೆಯಲ್ಲ ಎಂದುಕೊಂಡೆ. ಬಿ.ಎ.ಯಲ್ಲಿ ಹಿಸ್ಟರಿ ಓದುವ ಜಂಬ ನನಗೆ. ಕಾಸು ಏನೆಂದು ಪತ್ತೆ ಮಾಡಿ ಹೇಳಿಬಿಟ್ಟರೆ ಎಲ್ಲರ ಬಾಯಿ ಮುಚ್ಚುತ್ತದೆ ಎಂದು ಲೆಕ್ಕ. ಆದರೆ ಬೇರೆಯವರ ಒಡವೆ ಹೊಸಿಲು ದಾಟಲು ಅಪ್ಪ ಬಿಡಲಿಲ್ಲ. ಎದುರಂಗಡಿಯಿಂದ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ತಂದೆ. ಕಾಸಿನ ಮೇಲಿಟ್ಟು ಹೆಬ್ಬೆರಳಲ್ಲಿ ತಿಕ್ಕಿ ಎರಡೂ ಮಗ್ಗುಲಿನ ಅಚ್ಚು ತೆಗೆದೆ. ಆಗಲೇ ನಾನು ಹಿಂದಿನ ಮಗ್ಗುಲನ್ನು ಸರಿಯಾಗಿ ನೋಡಿದ್ದು. ಅದು ಯಾವಾಗಲೂ ಎದೆಗೆ ಒರಗಿರುತ್ತಿದ್ದ ಕಡೆ, ಯಾರೂ ಮೇಣ ಹಚ್ಚಿರಲಿಲ್ಲ, ಸವೆದಿತ್ತು. ಅಲ್ಲಿ ಒಬ್ಬ ಹೆಂಗಸು ಕುರ್ಚಿಯಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ಉದ್ದ ಕೋಲು, ಇನ್ನೊಂದರಲ್ಲಿ ಎಲೆಯ ರೆಂಬೆ.

ತುಮಕೂರಿನ ಸದಾಶಿವನಗರದಲ್ಲಿ ನಮ್ಮ ಲೆಕ್ಚರರ್ ಶಿವರಾಮಯ್ಯನವರ ಮನೆ. ಮೇಷ್ಟ್ರು ಬನಿಯನ್ನಿನಲ್ಲೇ ಬಾಗಿಲು ತೆಗೆದು, ಬೆಳ್ಳಿ ಕಾಗದ ನೋಡುತ್ತಲೇ ಅಂಗಿ ಹಾಕಿಕೊಂಡು ಬಂದರು. ಯಾರೋ ದೊಡ್ಡವರು ಮನೆಗೆ ಬಂದಿದ್ದಾರೆ ಅನ್ನೋ ಹಾಗೆ! ದಪ್ಪ ಪುಸ್ತಕ ಬಿಚ್ಚಿ, ಭೂತಗನ್ನಡಿ ಹಿಡಿದು, ಚಿತ್ರದ ಪಕ್ಕ ನನ್ನ ಕಾಗದ ಇಟ್ಟು ಒಂದೊಂದೇ ಅಕ್ಷರ ಓದಿದರು.

"ತೂಕ ಎಷ್ಟಮ್ಮಾ?"

"ಏಳೂ ಮುಕ್ಕಾಲು ಗ್ರಾಂಗೆ ಒಂದು ಕೂದಲೆಳೆ ಕಮ್ಮಿ ಸಾರ್, ಕೊಕ್ಕೆ ಬಿಟ್ಟು."

"ಸರಿ ಹೋಯ್ತು! ನೋಡು, ಟಿ, ಐ. ಆಮೇಲೆ ಸೀಸರ್. ಟೈಬೀರಿಯಸ್ ಕಣಮ್ಮಾ, ರೋಮಿನ ಚಕ್ರವರ್ತಿ. ಹೆಚ್ಚೂಕಮ್ಮಿ ಸಾವಿರದ ಒಂಬೈನೂರ ಐವತ್ತು ವರ್ಷ ಹಿಂದಿನವನು. ತಲೇ ಮೇಲಿರೋದು ಎಲೆ ಕಿರೀಟ. ನಮ್ಮ ಕಡೆ ಮೆಣಸು ಕೊಂಡು ಈ ಚಿನ್ನ ಕೊಡ್ತಿದ್ರು. ಹಿಂದುಗಡೆ ಈ ಕೂತಿರೋಳು ಅವನ ತಾಯಿ ಅಂತಾರೆ ಕೆಲವರು. ಖಾತ್ರಿಯಾಗಿ ಹೇಳಕ್ಕಾಗಲ್ಲ, ಶಾಂತಿದೇವತೆ ಅಂತಲೂ ಅಂತಾರೆ." ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ ಕೊಟ್ಟರು.

ಆ ಹಾಳೆ ಹಿಡಿದುಕೊಂಡು ನಾನು ಕೊತ್ತಗೆರೆಗೆ ಹೋದ ಭರಾಟೆ ನೋಡಬೇಕಿತ್ತು. ಜಗಲಿಯಲ್ಲಿ ನಿಂತು ರೋಮು, ಚಕ್ರವರ್ತಿ, ಮೆಣಸು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ರಂಗಲಕ್ಷ್ಮಮ್ಮ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

"ನೀನು ಓದ್ದೋಳು ಕಣವ್ವ, ಸುಳ್ಳು ಹೇಳಾಕಿಲ್ಲ. ಅದು ಯಾವ್ದೋ ಹೊರದೇಶದ ರಾಜನ ಕಾಸು, ಅಲ್ವಾ?"

"ಹೂಂ, ಗ್ಯಾರಂಟಿ!"

"ಹಂಗಾದ್ರೆ ನಮ್ದಲ್ಲ ಅಂತಾನೂ ಗ್ಯಾರಂಟಿ ಆಯ್ತಲ್ಲ. ಅವ್ನ್ಯಾಕೆ ನಮ್ಮ ಮನೇಲಿರ್ತಾನೆ? ನಮ್ಮನೇಲಿದ್ದದ್ದು ಗಿರಿಯಮ್ಮ."

ಅಪ್ಪನನ್ನು ಉಳಿಸಲು ಹೋಗಿ ನಾನೇ ಅವನ ಮೇಲೆ ಕಳ್ಳನೆಂಬ ಮುದ್ರೆ ಒತ್ತಿ ಬಂದಿದ್ದೆ. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಆ ಹಾಳೆಯನ್ನು ಹರಿದು ಹಾಕುವಷ್ಟು ಸಿಟ್ಟು ಬಂತು, ಮೇಷ್ಟ್ರ ಮೇಲಲ್ಲ, ನನ್ನ ಮೇಲೆ. ಇನ್ನು ಉಳಿದದ್ದು ಆ ಮೇಣವೊಂದೇ. ಬೀರಯ್ಯ ಭೀಮನ ಅಮಾವಾಸ್ಯೆ ಕಳೆಯದೆ ಕಸಕ್ಕೆ ಬೆಂಕಿ ಇಡುವುದಿಲ್ಲ ಎಂದು ಅಮ್ಮ ಹೇಳಿದ್ದಳು. ಅಮಾವಾಸ್ಯೆ ಹಿಂದಿನ ದಿನವೇ ಕಳೆದಿತ್ತು.

ಮನೆಗೂ ಹೋಗದೆ ತುಮಕೂರು ಬಸ್ಸು, ಅಲ್ಲಿಂದ ಗುಬ್ಬಿ ಬಸ್ಸು. ದಾರಿಯುದ್ದಕ್ಕೂ ಗಿರಿಯಮ್ಮನಿಗೆ ಹರಕೆ ಹೊತ್ತೆ, ಬೈದೆ, ಮತ್ತೆ ಹರಕೆ ಹೊತ್ತೆ. ಬೀರಯ್ಯನ ಹಿತ್ತಿಲಲ್ಲಿ ಹೊಗೆ ಏಳುತ್ತಿತ್ತು. ಓಡಿದೆ.

"ಬೀರಯ್ಯಣ್ಣಾ, ನಮ್ಮಪ್ಪನ ಡಬ್ಬ ಎಲ್ಲಿ?"

"ಯಾಕವ್ವಾ ಹಿಂಗೆ ಓಡ್ಕೊಂಡ್ ಬಂದೆ? ಅಕಾ, ಅಲ್ಲಿ ಅದೆ. ಇದಾದ್ಮೇಲೆ ಅದೇಯ."

ಒಲೆಯಲ್ಲಿ ಬೇರೆ ಯಾರದೋ ಕಸ ಉರಿಯುತ್ತಿತ್ತು. ಅಪ್ಪನ ಬಿಸ್ಕತ್ತಿನ ಡಬ್ಬ ಪಕ್ಕದಲ್ಲೇ, ಮುಚ್ಚಳ ತೆಗೆದು ಇಟ್ಟಿತ್ತು. ವಿಷಯ ಕೇಳಿ ಬೀರಯ್ಯ ಬಾಯಿ ಮೇಲೆ ಕೈ ಇಟ್ಟುಕೊಂಡ. "ಅಂಜನಣ್ಣನ ಮೇಲೆ ಅಂಗಂದ್ರಾ? ಅವನ ಡಬ್ಬದಲ್ಲಿ ಬೇರೆಯೋರ ಚಿನ್ನ ಒಂದು ಕಾಳು ಜಾಸ್ತಿ ಬಂದ್ರೆ ವಾಪಸ್ ಕಳ್ಸೋ ಪಾರ್ಟಿ ಅವ್ನು!" ಇಬ್ಬರೂ ಕೂತು ಮೊರದ ಮೇಲೆ ಕಸ ಸುರಿದು ಹುಡುಕಿದೆವು. ಕೈಯೆಲ್ಲ ಮಸಿ. ಕೊನೆಗೆ ಮಡಿಸಿದ ಕ್ಯಾಲೆಂಡರ್ ಹಾಳೆ ಸಿಕ್ಕಿತು. ಬಿಚ್ಚಿದರೆ ಗಿರಿಯಮ್ಮ, ಕುಂಕುಮ, ಮೂಗುತಿ ಸಮೇತ, ಒಂದಿಷ್ಟೂ ಮುಕ್ಕಾಗದೆ ಮಲಗಿದ್ದಳು. ಹಿಂದೆ ತಿರುಗಿಸಿದೆ. ಒಳಗಡೆ ಆ ರಾಜನ ಮುಖ ಗುಳಿಯಾಗಿ ಮೂಡಿತ್ತು. ಎಲೆಯ ಕಿರೀಟ, ದಪ್ಪ ಕತ್ತು, ಎಲ್ಲ ತಿರುಗುಮುರುಗಾಗಿ. ನಾನು ಬೀರಯ್ಯನ ಹಿತ್ತಿಲಲ್ಲಿ ಕೂತು ಗೊಳೋ ಎಂದು ಅತ್ತೆ.

ರಾತ್ರಿ ತುಮಕೂರಿನ ಚಿಕ್ಕಮ್ಮನ ಮನೆಯಲ್ಲಿ ಕಳೆದು, ಮಾರನೇ ಬೆಳಿಗ್ಗೆ ಮತ್ತೆ ಕೊತ್ತಗೆರೆ. ಈ ಸಲ ಭಾಷಣ ಬಿಗಿಯಲಿಲ್ಲ. ಮೇಣವನ್ನು ರಂಗಲಕ್ಷ್ಮಮ್ಮನ ಅಂಗೈಯಲ್ಲಿಟ್ಟೆ. ಹೆಬ್ಬೆರಳು ಹಣೆ ಮುಟ್ಟಿ ಮೂಗುತಿಗೆ ಬಂದು ನಿಂತಿತು. "ಅಯ್ಯೋ, ನನ್ನವ್ವಾ" ಎಂದರು. ಕಣ್ಣಿಗೊತ್ತಿಕೊಂಡರು. "ಈ ಮೂಗ್ತಿ ನಮ್ಮತ್ತೆ ಇಟ್ಟಿದ್ದು ಕಣೇ ಹುಡ್ಗಿ, ನಾನು ಮದ್ವೆಯಾಗಿ ಬಂದ ವರ್ಷ." ನಾನು ಮೇಣ ವಾಪಸ್ ತೆಗೆದುಕೊಂಡೆ. "ಅಂಗಡಿಗೆ ಬನ್ನಿ. ನಿಮ್ಮ ಕೈಯಲ್ಲೇ ಕಾಸಿನ ಮೇಲೆ ಕೂರಿಸಿ ನೋಡಿ. ಕೂರದಿದ್ದರೆ ನಮ್ಮಪ್ಪ ಕಳ್ಳ, ನಾನು ಕಳ್ಳನ ಮಗಳು" ಎಂದೆ.

ಅತ್ತೆ ಸೊಸೆ ಇಬ್ಬರೂ ನಾನು ಹತ್ತಿದ ಬಸ್ಸಿಗೇ ಬಂದರು. ಅಪ್ಪ ಆರಿದ ಬೆಂಕಿಯ ಮುಂದೆ ಸುಮ್ಮನೆ ಕೂತಿದ್ದ. ಅವರನ್ನು ನೋಡಿ ಎದ್ದ. ಕಾಸನ್ನು ತೆಗೆದು ಮಣೆಯ ಮೇಲಿಟ್ಟು ಕೈ ಹಿಂದಕ್ಕೆ ಎಳೆದುಕೊಂಡ. ರಂಗಲಕ್ಷ್ಮಮ್ಮ ತಡವರಿಸುತ್ತ ಮೇಣವನ್ನು ಕಾಸಿನ ಮೇಲಿಟ್ಟು ಸ್ವಲ್ಪ ತಿರುಗಿಸಿದರು. ಅದು ಜಾರಿ, ತನ್ನ ಜಾಗ ಹಿಡಿದು ಕೂತಿತು. ಒಂದು ಕೂದಲೂ ಆಚೆ ಈಚೆ ಇಲ್ಲ. ಮತ್ತೆ ಅಜ್ಜಿ ಬಂದಳು.

ಆಮೇಲೆ ಲಕ್ಷ್ಮೀದೇವಮ್ಮ ಮೆಲ್ಲಗೆ, "ಅತ್ತೆ, ಅಂಗಾದ್ರೆ ನಾವು ಇಷ್ಟು ದಿನ ಗಂಡಸಿಗೆ ಮೂಗ್ತಿ ಹಾಕಿದ್ವಾ?" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಕಾಸು ತಿರುಗಿಸಿ ಹಿಂದಿನ ಹೆಂಗಸನ್ನು ತೋರಿಸಿ, ಆ ರಾಜನ ತಾಯಿ ಅಂತಾರೆ, ಮೇಷ್ಟ್ರಿಗೂ ಖಾತ್ರಿಯಿಲ್ಲ, ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ರಂಗಲಕ್ಷ್ಮಮ್ಮ ಆ ಸವೆದ ಕಡೆಯನ್ನು ಬೆರಳಲ್ಲಿ ಹುಡುಕಿದರು.

"ಮೇಷ್ಟ್ರಿಗೆ ಖಾತ್ರಿ ಇಲ್ದಿದ್ರೆ ಬುಡು, ನಂಗದೆ. ಅಜ್ಜಿ ಇಲ್ಲಿ ಕುಂತವ್ಳೆ, ನಮ್ಮ ಎದೆ ಕಡೀಕೆ ಮುಖ ಮಾಡ್ಕೊಂಡು. ಹೆರೋರ ಜೊತೆ ಇರೋಳು ಅಲ್ಲೇ ಇರ್ಬೇಕು."

ಆಮೇಲೆ ಅಪ್ಪನ ಕಡೆ ತಿರುಗಿ, "ತಪ್ಪಾಯ್ತು ಆಚಾರ್ರೇ" ಎಂದರು.

"ತಪ್ಪು ನಂದು ತಾಯಿ" ಎಂದ ಅಪ್ಪ. ಅಷ್ಟು ದಿನದಲ್ಲಿ ಅವನು ಆಡಿದ ಮೊದಲ ದೊಡ್ಡ ಮಾತು. "ನಿಮ್ಮನ್ನ ಕೇಳದೇ ಕಿತ್ತೆ. ನಾನು ಅದನ್ನ ಕೊಳೆ ಅಂದ್ಕೊಂಡೆ. ನಿಮ್ಮತ್ತೆ ಕೈ ಅದು ಅಂತ ತಿಳೀಲಿಲ್ಲ. ಕೊಕ್ಕೆ ಬೆಸೆದು, ಆರಿದ ಮೇಲೆ ಅಜ್ಜೀನ ಅಲ್ಲೇ ಕೂರಿಸ್ಕೊಡ್ತೀನಿ."

ರಂಗಲಕ್ಷ್ಮಮ್ಮ ನಮ್ಮಮ್ಮನನ್ನು ಕರೆದು, ಒಂದು ಅರಿಶಿನದ ಕೊಂಬು, ಒಂದು ದಾರ ಕೇಳಿದರು. ಅಮ್ಮನಿಗೆ ಅರ್ಥವಾಗಲಿಲ್ಲ, ತಂದುಕೊಟ್ಟಳು. ಕೊಂಬನ್ನು ದಾರಕ್ಕೆ ಕಟ್ಟಿ ಅಮ್ಮನ ಕೈಯಿಂದಲೇ ಕತ್ತಿಗೆ ಹಾಕಿಸಿಕೊಂಡರು. ಆಮೇಲೆ ತಮ್ಮ ತಾಳಿಯ ಸರವನ್ನು ತೆಗೆದರು. ಗಂಡ ಇರುವ ಹೆಂಗಸು, ನಲವತ್ತು ವರ್ಷ ಕತ್ತಿನಿಂದ ತೆಗೆಯದ ತಾಳಿ. ಅದನ್ನು ಅಪ್ಪನ ಮಣೆಯ ಮೇಲಿಟ್ಟರು.

"ಇದರ ಗುಂಡೂ ಸವೆದದೆ. ಸರಿ ಮಾಡ್ಕೊಡಿ. ಎಷ್ಟು ದಿನ ಆದ್ರೂ ಇಟ್ಕೊಳ್ಳಿ. ತೂಕ ಹಾಕ್ಬ್ಯಾಡಿ, ಚೀಟಿನೂ ಬ್ಯಾಡ."

ಅಪ್ಪ ತಾಳಿಯನ್ನೇ ನೋಡುತ್ತ ಕೂತ. ಆಮೇಲೆ ಪೆಟ್ಟಿಗೆ ತೆಗೆದು ತಕ್ಕಡಿ ಹೊರಗಿಟ್ಟ.

"ತೂಕ ಹಾಕ್ದೆ ನಾನು ಮುಟ್ಟಲ್ಲ ತಾಯಿ" ಎಂದ.

ತಾಳಿಯನ್ನು ಎರಡೂ ಕೈಯಲ್ಲಿ ಎತ್ತಿ ತಟ್ಟೆಗಿಟ್ಟು, ತಕ್ಕಡಿ ಎತ್ತಿ ಹಿಡಿದ. ತಟ್ಟೆ ನಿಲ್ಲಲಿಲ್ಲ. ಮೇಲೆ ಹೋಯಿತು, ಕೆಳಗೆ ಬಂತು. ಇನ್ನೊಂದು ಸಲ ಹಿಡಿದ. ಮತ್ತೂ ನಿಲ್ಲಲಿಲ್ಲ. ಅಪ್ಪ ತಲೆ ಬಗ್ಗಿಸಿಕೊಂಡೇ, "ಮಾಲಕ್ಷ್ಮೀ, ಕಿಟಕಿ ಮುಚ್ಚಮ್ಮ, ಗಾಳಿ" ಎಂದ.

ಅಂಗಡಿ ಮುಚ್ಚಿದ ದಿನದಿಂದ ಆ ಕಿಟಕಿ ತೆಗೆದೇ ಇರಲಿಲ್ಲ. ನಾನು ಎದ್ದು ಹೋಗಿ, ಮುಚ್ಚಿದ್ದ ಕಿಟಕಿಯನ್ನೇ ಮತ್ತೆ ಮುಚ್ಚಿ ಬಂದೆ.